ತಿಳಿನೀರಿನ ನೆಂಟ

“ಮರಗೆರೆಯ ಪ್ರಜೆಗಳೆಲ್ಲ ಕೇಳಿರಿ! ರಾಜಕುಮಾರಿ ಹೊನ್ನಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೂ ಊರ ಕೆರೆಯ ಒಡೆತನವನ್ನೂ ಕೊಡಲಾಗುವುದು. ಒಂದು ತಪ್ಪಿದರೂ ಹುಣ್ಣಿಮೆಗೆ ತಲೆದಂಡ! ಇದು ಬಿಜ್ಜರಸರ ಅಪ್ಪಣೆ!”

ಡಂಗುರ ಕೇಳಿ ಕೇತ ಬಣ್ಣದ ಬಾನಿಯಿಂದ ಕೈ ತೆಗೆದ. ಅವನದು ನೂಲಿಗೆ ಬಣ್ಣ ಹಾಕುವ ಮನೆ, ಮೊಳಕೈವರೆಗೂ ಕೆಂಪು. ಕುಮಾರಿಯ ಆಸೆ ಅವನಿಗಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೆರೆಯ ಚಿಂತೆ ಅದಕ್ಕಿಂತ ಹಳೆಯದು. ಹಿಂದೆ ಕೆರೆಯ ನೀರಿನಿಂದ ವಾಂತಿಭೇದಿ ಬಂದು ಊರು ಬರಿದಾದಾಗ ಅವನ ತಾಯಿಯೂ ಹೋಗಿದ್ದಳು. ಆಮೇಲೆ ವೈದ್ಯರೊಬ್ಬರು ಮೂಗಿಗೆ ಹೊಡೆಯುವ ಬಿಳಿ ಪುಡಿಯೊಂದನ್ನು ಕುಡಿಯುವ ನೀರಿಗೆ ಬೆರೆಸಲು ಕಲಿಸಿದರು. ಬೇನೆ ನಿಂತಿತು. ವರ್ಷಗಳು ಕಳೆದಂತೆ ಜನರ ಹೊಟ್ಟೆಯಲ್ಲಿ ಗಡ್ಡೆ ಕಟ್ಟತೊಡಗಿತು. ಪುಡಿ ಬೇಡವೆಂದು ಕೆಲವರು, ಬಿಟ್ಟರೆ ಸಾಯುತ್ತೇವೆಂದು ಕೆಲವರು. ದೇವರ ಅಭಿಷೇಕಕ್ಕೂ ಅದೇ ನೀರು.

ಸಭೆಯಲ್ಲಿ ಹೊನ್ನಲೆ ಮೊದಲ ಒಗಟು ಹೇಳಿದಳು. “ಕೊಂಬೆಯಲ್ಲಿ ಹುಟ್ಟುತ್ತದೆ, ನೀರಿಗಿಳಿದು ಕರಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಸಿಗದು. ಏನದು?”

“ಇಬ್ಬನಿ!” ಎಂದ ನೆರೆರಾಜ್ಯದ ಕುಮಾರ.

“ಇಬ್ಬನಿ ನೀರೇ ಅಲ್ಲವೇ? ನೀರು ನೀರಲ್ಲಿ ಕರಗುವುದೇನು?” ಎಂದಳು ಹೊನ್ನಲೆ. ಭಟರು ಅವನ ತೋಳು ಹಿಡಿದರು.

“ಜೇನುತುಪ್ಪ,” ಎಂದ ಶೆಟ್ಟರ ಮಗ, ಮೀಸೆ ತಿರುವುತ್ತ.

“ಜೇನಾಗಿದ್ದರೆ ನಾಲಿಗೆಯೇ ಹೇಳುತ್ತಿತ್ತು.” ಅವನೂ ಸೆರೆಮನೆಗೆ ನಡೆದ.

ಕೇತ ಮುಂದೆ ಬಂದಾಗ ದಳವಾಯಿ ಅವನ ಕೆಂಪು ಕೈ ನೋಡಿ ನಕ್ಕ. “ಏನಪ್ಪಾ, ಮದುವೆಗೆ ಅರಿಶಿನ ಸಿಗಲಿಲ್ಲವೋ?”

“ಇದು ಹೋಗದ ಬಣ್ಣ ಬುದ್ಧೀ. ತಲೆ ಹೋದರೂ ಗುರುತು ಸಿಗುತ್ತೆ.”

ಆಮೇಲೆ ಕುಮಾರಿಯ ಕಡೆ ತಿರುಗಿದ. “ಉದುರಿದ ಎಲೆಯ ರಸ, ಅಮ್ಮಣ್ಣಿಯವರೇ. ನಮ್ಮ ಕೆರೆಯ ಸುತ್ತ ಮರಗಳೇ. ನೀರು ತಿಳಿಯಾಗಿ ಕಂಡರೂ ಬಿಳಿ ನೂಲು ಅದ್ದಿದರೆ ಹಳದಿ ಹಿಡಿಯುತ್ತೆ.”

ಹೊನ್ನಲೆ ತಲೆದೂಗಿದಳು. “ಎರಡನೆಯದು. ಒಬ್ಬ ಕಾವಲುಗಾರ. ಕಳ್ಳರನ್ನು ಕೊಲ್ಲುತ್ತಾನೆ. ಆದರೆ ಮನೆಯೊಳಗಿನ ನೆಂಟನ ಜೊತೆ ಸೇರಿದರೆ ಒಡೆಯನಿಗೇ ವಿಷವಿಕ್ಕುತ್ತಾನೆ. ಯಾರವನು?”

“ಬಿಳಿ ಪುಡಿ. ಎಲೆಯ ರಸವೇ ನೆಂಟ. ಇಬ್ಬರೂ ಕೂಡಿದ್ದರ ಫಲ ನಮ್ಮ ಹೊಟ್ಟೆಯಲ್ಲಿದೆ.”

“ಹಾಗಾದರೆ ಮೂರನೆಯದು. ಕಾವಲುಗಾರನನ್ನು ಬಿಡುವಂತಿಲ್ಲ, ನೆಂಟ ಕೈಗೆ ಸಿಗುವುದಿಲ್ಲ. ಅವನನ್ನು ಹೊರಗೆ ಕರೆದೊಯ್ಯುವವರಾರು?”

ಕತ್ತಿ ಹಿಡಿದ ಭಟ ಒಂದು ಹೆಜ್ಜೆ ಹತ್ತಿರ ಬಂದ. ಕೇತ ತನ್ನ ಕೆಂಪು ಕೈ ನೋಡಿಕೊಂಡ. ತೊಳೆದರೂ ಹೋಗದಂತೆ ಈ ಬಣ್ಣವನ್ನು ಹಿಡಿದಿಟ್ಟದ್ದು ಯಾವುದು?

“ಪಟಿಕದ ಕಲ್ಲು!” ಎಂದ. “ಮೊದಲು ನೂಲಿಗೆ ಪಟಿಕದ ನೀರು ಕುಡಿಸುತ್ತೇವೆ. ಆಗ ಬಣ್ಣ ಕಚ್ಚುತ್ತೆ. ಎಲೆಯ ರಸವೂ ಬಣ್ಣವೇ ತಾನೇ? ನೂಲೇ ಇಲ್ಲದ ನೀರಿಗೆ ಹಾಕಿದರೆ ಪಟಿಕವೇ ಬಣ್ಣವನ್ನು ಕಚ್ಚಿಕೊಂಡು ತಳಕ್ಕೆ ಹೋದೀತು.”

“ಹೋದೀತು?” ಎಂದರು ಅರಸರು. “ಗೊತ್ತೋ, ಊಹೆಯೋ?”

“ಊಹೆ, ಒಡೆಯರೇ. ಒಂದು ಕೊಡ ಕೆರೆ ನೀರನ್ನೂ ಪಟಿಕದ ಕಲ್ಲನ್ನೂ ತರಿಸಿ.”

ಎರಡೂ ಬಂದವು. ಕೇತ ಕಲ್ಲನ್ನು ನೀರಲ್ಲಿ ತಿರುವಿ ಕೈಕಟ್ಟಿ ನಿಂತ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಾಲು ಒಡೆದಂತೆ ಕಂದು ಚೂರುಗಳು ಎದ್ದು, ಮೆಲ್ಲಗೆ ತಳಕ್ಕೆ ಕೂತವು. ಮೇಲಿನ ನೀರನ್ನು ಬಗ್ಗಿಸಿ, ಮರಳು, ಇದ್ದಿಲಿನಲ್ಲಿ ಸೋಸಿ ಬಿಳಿ ನೂಲು ಅದ್ದಿದರು. ನೂಲು ಬಿಳಿಯಾಗಿಯೇ ಉಳಿಯಿತು.

“ಈಗ ಪುಡಿ ಹಾಕಿ,” ಎಂದ ಕೇತ. “ನೆಂಟ ಹೋದ ಮೇಲೆ ಕಾವಲುಗಾರ ಬರಲಿ. ಪುಡಿ ತಪ್ಪಲ್ಲ, ಸರದಿ ತಪ್ಪು.”

ಹೊನ್ನಲೆಯ ಕಣ್ಣು ತುಂಬಿತು. “ಮೂರನೆಯದರ ಉತ್ತರ ನನಗೂ ಗೊತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲೂ ಗಡ್ಡೆ ಇದೆ.”

ಕೇತ ನೂಲನ್ನು ಕೆಳಗಿಟ್ಟ. “ಗೊತ್ತಿಲ್ಲದ್ದಕ್ಕೆ ಸಹಾಯ ಕೇಳಬೇಕು ಅಮ್ಮಣ್ಣಿ, ತಲೆ ಕೇಳಬಾರದು. ಮೊದಲು ಸೆರೆಯಲ್ಲಿರುವ ಆ ಇಬ್ಬರನ್ನು ಬಿಡಿಸಿ. ಮದುವೆ ಮಾತು ಆಮೇಲೆ.”

ಹಾಗೇ ಆಯಿತು. ಅಂದಿನಿಂದ ಊರಿನ ಕುಡಿಯುವ ನೀರಿಗೆ ಮೊದಲು ಪಟಿಕ, ಆಮೇಲೆ ಪುಡಿ; ಮದುವೆಯ ಧಾರೆಗೂ ಪಟಿಕ ತಿರುವಿದ ನೀರೇ. ಕುಮಾರಿಯ ಗಡ್ಡೆ ಕರಗಿತೋ ಇಲ್ಲವೋ, ಅದು ದೇವರಿಗೆ ಬಿಟ್ಟದ್ದು. ಆದರೆ ಅವಳ ಮಕ್ಕಳಿಗೆ ಆ ಬೇನೆ ಬರಲಿಲ್ಲ. ನೀರು ತಿಳಿಯಾಯಿತು, ಕತೆ ತಳಕ್ಕೆ ಕೂತಿತು.