ಹಕ್ಕಿ ಬರುವ ತನಕ ಒಪ್ಪತ್ತು

ಮಲಪ್ರಭೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಕಟ್ಟೆ, ಕಟ್ಟೆಗೆ ನೆರಳಾಗಿ ಒಂದು ಬೇವಿನ ಮರ.

ಅಲ್ಲಿದ್ದವರು ಮೂವರು: ಎಂಬತ್ತು ದಾಟಿದ ಗುರು ಅಡವಯ್ಯಜ್ಜ, ಅಡುಗೆ ನೋಡಿಕೊಳ್ಳುವ ನೀಲವ್ವ, ಮತ್ತು ಶಿಷ್ಯ ದ್ಯಾಮಣ್ಣ.

ದ್ಯಾಮಣ್ಣ ಹದಿನೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಒಂದು ದಿನ ಚೀಲ, ಸೀಟಿ ಎರಡನ್ನೂ ಮಾಲೀಕನ ಕೈಗೆ ಕೊಟ್ಟು ಮಠಕ್ಕೆ ನಡೆದು ಬಂದ. ಒಳ್ಳೆಯ ಮನುಷ್ಯ, ಆದರೆ ಆತುರಗಾರ. ಮಂದಿ ಹತ್ತಿ ಮುಗಿಯುವ ಮೊದಲೇ ‘ರೈಟ್’ ಅನ್ನುವ ಚಾಳಿ ಮಠಕ್ಕೆ ಬಂದ ಮೇಲೂ ಅವನನ್ನು ಬಿಟ್ಟಿರಲಿಲ್ಲ.

ಬಂದ ದಿನವೇ ಕೇಳಿದ: “ಅಜ್ಜಾರ, ನನಗೊಂದು ಮಂತ್ರ ಕೊಡ್ರಿ.”

“ಹೊಳಿಗೆ ಹೋಗಿ ಯಾರು ಬಂದಾರ ನೋಡಿ ಬಾ,” ಅಂದರು ಅಜ್ಜ.

ಹೋದ, ಬಂದ. “ಯಾರೂ ಇಲ್ಲರಿ.”

“ಮತ್ತ ಹೋಗು.”

ಮತ್ತೆ ಹೋದ. “ಒಬ್ಬಾಕಿ ಅರಿಬಿ ಒಗಿಯಾಕತ್ತಾಳ್ರಿ.”

“ಆಕಿ ಈ ಊರಾಕಿ. ಬಂದೋರನ್ನ ನೋಡು ಅಂದೆ.”

ಮೂರನೆಯ ಸಲ ಹೋದವನು ಅರ್ಧ ತಾಸು ಸುಮ್ಮನೆ ಕೂತ. ಆಗ ಕಣ್ಣಿಗೆ ಬಿತ್ತು: ಕೆಸರಿನದೇ ಬಣ್ಣದ ಒಂದು ಗೊರವ ಹಕ್ಕಿ ದಂಡೆಯಲ್ಲಿ ಹುಳ ಹೆಕ್ಕುತ್ತಿತ್ತು. ಬಂದು ಹೇಳಿದ.

ಅಜ್ಜ ಹೊಳೆಯ ಕಡೆ ಕೈ ಮುಗಿದರು. “ಹಿಮಾಲಯದ ಆಚಿಂದ ಬಂದೈತಿ ಅದು. ನಿನ್ನ ಬಸ್ಸು ಅಲ್ಲಿತನಕ ಹೋಗಿತ್ತೇನು?”

ಅವತ್ತಿಗೆ ಪಾಠ ಮುಗಿಯಿತು. ಮಂತ್ರದ ಸುದ್ದಿಯನ್ನು ದ್ಯಾಮಣ್ಣ ಮುಂದೆಂದೂ ಎತ್ತಲಿಲ್ಲ.

ಆ ಮಠಕ್ಕೆ ಬೇರೆಲ್ಲೂ ಇಲ್ಲದ ಒಂದು ವ್ರತವಿತ್ತು. ಭಾದ್ರಪದ ಹುಟ್ಟಿದ ದಿನದಿಂದ ಅಜ್ಜ ಒಪ್ಪತ್ತು ಹಿಡಿಯುತ್ತಿದ್ದರು. ಮಧ್ಯಾಹ್ನ ಒಂದೇ ಊಟ. ಸಂಜೆಗೆ ಬರೀ ನೀರು. ಹೊಳೆಯ ಕಲ್ಲಿನ ಮೇಲೆ ವರ್ಷದ ಮೊದಲ ಕುಂಡೆಕುಸ್ಕ ಬಂದು ಕೂತ ದಿನ ವ್ರತ ಬಿಡುವುದು.

ಕುಂಡೆಕುಸ್ಕ ಅಂದರೆ ಗುಬ್ಬಿಗಿಂತ ತುಸು ಉದ್ದನೆಯ, ಹೊಟ್ಟೆಯಡಿ ಹಳದಿ ಇರುವ, ನಿಂತಲ್ಲೇ ಬಾಲ ಕುಣಿಸುವ ಹಕ್ಕಿ. ಪೇಟೆಯಿಂದ ಬಂದ ಭಕ್ತರು ಆ ಹೆಸರಿಗೆ ನಾಚಿಕೊಂಡರೆ ಅಜ್ಜ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದರು.

“ಒಂದು ಹಕ್ಕಿಗಾಗಿ ಒಪ್ಪತ್ತು ಯಾಕ್ರಿ ಅಜ್ಜಾರ?” ಎಂದು ದ್ಯಾಮಣ್ಣ ಮೊದಲ ವರ್ಷ ಕೇಳಿದ್ದ.

“ಬೀಗರು ಬರ್ತಾರಂತ ಗೊತ್ತಿದ್ದು, ಮೊದಲ ಉಂಡು ಬಾಯಿ ಒರಸ್ಕೊಂಡು ಕೂಡ್ತಿ ಏನು? ಅವು ದಾರ್‍ಯಾಗ ಹಸಕೊಂಡು ಬರ್ತಾವ, ತಮ್ಮಾ.”

ಹಕ್ಕಿ ಬಂದ ದಿನ ನೀಲವ್ವ ರವೆ, ಬೆಲ್ಲದ ಸಜ್ಜಕ ಮಾಡುತ್ತಿದ್ದಳು. ಒಂದು ಹಳೆಯ ಪುಸ್ತಕದಲ್ಲಿ ಅಜ್ಜ ಒಂದು ಸಾಲು ಬರೆಯುತ್ತಿದ್ದರು. ತಿಥಿ, ಹಕ್ಕಿ, ಕಂಡವರ ಹೆಸರು, ಕೊನೆಗೆ ‘ಉಪಕಾರ’ ಅನ್ನುವ ಒಂದು ಮಾತು. ನಲವತ್ತೊಂದು ವರ್ಷ ಹೀಗೇ ನಡೆದಿತ್ತು. ಕಂಡವರ ಹೆಸರು ಮೊದಮೊದಲು ಅಡವಯ್ಯ ಎಂದೇ ಇತ್ತು. ಅಜ್ಜನ ಕಣ್ಣು ಪೂರ್ತಿ ಮಂಜಾದ ಮೇಲೆ, ಕಡೆಯ ಎರಡು ವರ್ಷ, ದ್ಯಾಮಣ್ಣ ಎಂದಾಯಿತು.

ವ್ರತದ ವಿಷಯದಲ್ಲಿ ಅಜ್ಜ ಬಲು ಖಡಕ್. ಒಂದು ವರ್ಷ ಮರೆತು ಸಂಜೆ ಒಂದು ಬಾಳೆಹಣ್ಣು ತಿಂದದ್ದಕ್ಕೆ ಮೂರು ದಿನ ಬರೀ ನೀರಿನ ಮೇಲಿದ್ದರು. ಆಗ ಗಟ್ಟಿಮುಟ್ಟಾಗಿದ್ದರು, ತಡೆದುಕೊಂಡರು.

ಈ ವರ್ಷ ಹಾಗಿರಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ಮೈ ಇಳಿದುಹೋಗಿತ್ತು. ಡಾಕ್ಟರು ಗುಳಿಗೆ ಕೊಟ್ಟು, ಎರಡೂ ಹೊತ್ತು ಹೊಟ್ಟೆ ತುಂಬ ಉಂಡೇ ನುಂಗಬೇಕು, ಇಲ್ಲದಿದ್ದರೆ ತಾನು ಜವಾಬ್ದಾರನಲ್ಲ ಎಂದು ನೀಲವ್ವನಿಗೆ ಹೇಳಿ ಹೋಗಿದ್ದರು. ಭಾದ್ರಪದ ಹುಟ್ಟಿತು. ಅಜ್ಜ ಒಪ್ಪತ್ತು ಹಿಡಿದೇ ಬಿಟ್ಟರು.

ದ್ಯಾಮಣ್ಣ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಳೆಗೆ ಹೋದ. ಚೌತಿ ಹೋಯಿತು. ಅಷ್ಟಮಿ ಹೋಯಿತು. ಗೊರವಗಳು ಬಂದವು, ಅಂಬರಗುಬ್ಬಿಗಳು ತಂತಿಯ ಮೇಲೆ ಸಾಲಾಗಿ ಕೂತವು. ಕುಂಡೆಕುಸ್ಕ ಮಾತ್ರ ಬರಲಿಲ್ಲ.

“ಬಂತೇನು?” ಅಂತ ಅಜ್ಜ ಹಾಸಿಗೆಯಿಂದಲೇ ಕೇಳುವರು.

“ಇಲ್ಲರಿ.”

“ಬರ್ತೈತಿ. ದಾರಿ ದೂರದ್ದು.”

ಅನಂತನ ಹುಣ್ಣಿಮೆಯ ಬೆಳಿಗ್ಗೆ ಅಜ್ಜ ಏಳಲು ಹೋಗಿ ಗೋಡೆ ಹಿಡಿದು ಕುಸಿದರು. ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ದ್ಯಾಮಣ್ಣ ಹೊಳೆಗೆ ಹೋದ. ಕಲ್ಲು ಖಾಲಿ ಇತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಬಂದು ಹೇಳಿದ:

“ಅಜ್ಜಾರ, ಬಂತ್ರಿ.”

ಅಜ್ಜನ ಮುಖ ಅರಳಿತು. “ಹೌದಾ! ಹೆಂಗೈತಿ?”

“ಚಲೋ ಐತ್ರಿ. ಅರಿಷಿಣ ಬಡದಂಗ ಹಳದಿ ಐತಿ. ಬಾಲ ಕುಣಸಾಕತ್ತೈತಿ.”

ಮಂದಿ ಹತ್ತುವ ಮೊದಲೇ ಅವನು ರೈಟ್ ಅಂದುಬಿಟ್ಟಿದ್ದ. ಈ ಸಲ ಬಸ್ಸು ಪೂರ್ತಿ ಖಾಲಿ ಇತ್ತು.

ಅವತ್ತು ಸಂಜೆ ಅಜ್ಜ ಸಜ್ಜಕ ಉಂಡರು, ಗುಳಿಗೆ ನುಂಗಿದರು. ನೀಲವ್ವ ಖುಷಿಗೆ ತುಪ್ಪ ಕೈಬಿಚ್ಚಿ ಸುರಿದಳು. ದ್ಯಾಮಣ್ಣ ಪುಸ್ತಕ ತೆಗೆದು ಬರೆದ. ತಿಥಿ ಬರೆದ, ಹಕ್ಕಿ ಬರೆದ, ತನ್ನ ಹೆಸರು ಬರೆದ. ಕೊನೆಯ ಮಾತು ಬರೆಯಲು ಕೈ ಏಳಲಿಲ್ಲ. ಪುಸ್ತಕ ಮುಚ್ಚಿಟ್ಟ.

“ನೀನೂ ಉಣ್ಣು ಬಾ,” ಅಂದಳು ನೀಲವ್ವ.

“ಹೊಟ್ಟಿ ಸರಿ ಇಲ್ಲ ನೀಲವ್ವಾ, ನನಗ ಬ್ಯಾಡ.”

ಹೊಟ್ಟೆ ಸರಿಯಾಗಿಯೇ ಇತ್ತು. ಆದರೆ ಬರದಿದ್ದ ಹಕ್ಕಿಗೆ ಮಠದಲ್ಲಿ ಒಬ್ಬರಾದರೂ ಕಾಯಬೇಕಲ್ಲ. ಅಜ್ಜನ ಒಪ್ಪತ್ತನ್ನು ಅವನು ತಾನು ಹಿಡಿದ.

ಸುಳ್ಳಿಗೆ ಮೊದಲ ದಿನ ಅಷ್ಟು ಖರ್ಚಾಗುವುದಿಲ್ಲ. ಮರುದಿನ ಅಜ್ಜ ಕೇಳಿದರು: “ಇವತ್ತು ಏನ್ ಮಾಡಾಕತ್ತಿತ್ತು?”

“ಕಲ್ಲಿಂದ ಕಲ್ಲಿಗೆ ಜಿಗ್ಯಾಕತ್ತಿತ್ರಿ.”

ಅದರ ಮರುದಿನ ಹಕ್ಕಿ ನೊಣ ಹಿಡಿಯಿತು. ಆಮೇಲೆ ಒಂದು ದಿನ ದನ ಕಾಯುವವರ ಎಮ್ಮೆಯ ಬೆನ್ನೇರಿತು. ಅಜ್ಜ ನಕ್ಕು ನಕ್ಕು ಕೆಮ್ಮಿದರು. ಮೈಗೆ ತುಸು ಕಸುವು ಬಂದಿತ್ತು. ಕಟ್ಟೆಯ ತನಕ ಕೋಲೂರಿ ನಡೆಯುವಷ್ಟಾಗಿದ್ದರು.

ದಿನಾ ಅಜ್ಜ ಹೊಳೆಯ ಕಡೆ ಕೈ ಮುಗಿದು ಅನ್ನುತ್ತಿದ್ದರು: “ಬಂದ್ಯಾ. ಉಪಕಾರ ಆತು.” ದಿನಾ ದ್ಯಾಮಣ್ಣ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ದಿನಾ ಸಂಜೆ ಬರೀ ನೀರು ಕುಡಿದು ಮಲಗುತ್ತಿದ್ದ.

ಎಂಟು ಸಂಜೆ ಹೀಗೆ ಹೋದವು.

ಬಹುಳ ಅಷ್ಟಮಿಯ ದಿನ, ಹೊತ್ತು ಇಳಿಯುವಾಗ, ಅಭ್ಯಾಸಬಲದಿಂದ ಹೊಳೆಗೆ ಹೋದ. ಹೋದವನು ನಿಂತೇ ಬಿಟ್ಟ.

ಕಲ್ಲಿನ ಮೇಲೆ ಕೂತಿತ್ತು.

ಅವನು ಹೇಳಿದ್ದ ಹಕ್ಕಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಹಳದಿ ಮಾಸಿಹೋಗಿತ್ತು. ಬಾಲದಲ್ಲಿ ಒಂದೆರಡು ಗರಿ ಇರಲಿಲ್ಲ. ಕುಣಿತವಂತೂ ದೂರ, ಕಣ್ಣು ಅರ್ಧ ಮುಚ್ಚಿ, ಮೈ ಉಬ್ಬಿಸಿ, ಉಸಿರಾಡುವುದೊಂದೇ ಕೆಲಸ ಅನ್ನುವಂತೆ ಕೂತಿತ್ತು. ಅವನು ಹತ್ತು ಹೆಜ್ಜೆಯಲ್ಲಿ ನಿಂತರೂ ಏಳಲಿಲ್ಲ. ಏಳುವ ತ್ರಾಣವೇ ಇರಲಿಲ್ಲವೋ ಏನೋ.

ಬಹಳ ಹೊತ್ತಿನ ಮೇಲೆ ಅದು ಬಾಲವನ್ನು ಒಮ್ಮೆ, ಒಂದೇ ಒಮ್ಮೆ, ಮೇಲೆ ಕೆಳಗೆ ಆಡಿಸಿತು.

ದ್ಯಾಮಣ್ಣನಿಗೆ ಅಳು ಬಂತು. ಇಷ್ಟು ವರ್ಷದಲ್ಲಿ ಇಂಥ ಹಕ್ಕಿಯನ್ನು ಅವನು ನೋಡಿರಲಿಲ್ಲ. ಕೆಸರಿನಲ್ಲೇ ಮಂಡಿಯೂರಿ, “ಬಂದ್ಯಾ,” ಅಂದ. ಇದನ್ನು ಅಜ್ಜಾರಿಗೆ ಹೇಳಬೇಕು ಅನ್ನಿಸಿತು. ತಕ್ಷಣ ನೆನಪಾಯಿತು, ಹೇಳುವಂತಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಕ್ಕಿ ಬಂದಾಯಿತಲ್ಲ, ನಾಳೆಯಿಂದ ಹೇಳುವುದೆಲ್ಲ ನಿಜವೇ ಆಗುತ್ತದೆ. ಹೇಳಿದರೆ? ಒಂದು ಬಾಳೆಹಣ್ಣಿಗೆ ಮೂರು ದಿನ ನೀರು ಕುಡಿದ ಮನುಷ್ಯ. ಎಂಟು ಊಟಕ್ಕೆ ಎಷ್ಟು ದಿನ? ಈ ಮೈಯಲ್ಲಿ ಅಷ್ಟು ದಿನ ಉಳಿಯುತ್ತಾರೆಯೇ?

ಆದರೆ ಈ ಹಕ್ಕಿಯನ್ನು ಅಜ್ಜನಿಗೆ ಕೊಡಬೇಕಾದರೆ ತಾನು ಸುಳ್ಳಿನಲ್ಲಿ ಕೊಟ್ಟಿದ್ದ ಆ ಹಕ್ಕಿಯನ್ನು ಕಿತ್ತುಕೊಳ್ಳಲೇಬೇಕಿತ್ತು. ಅಷ್ಟು ದೂರದಿಂದ ಬಂದದ್ದನ್ನು ಬಂದೇ ಇಲ್ಲದಂತೆ ಮಾಡುವುದು ಅವನಿಂದ ಆಗಲಿಲ್ಲ.

ಮಠಕ್ಕೆ ಬಂದಾಗ ನೀಲವ್ವ ದೀಪ ಹಚ್ಚಿ, ಅಜ್ಜನ ಮುಂದೆ ತಾಟು ಇಟ್ಟಿದ್ದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ. ಅಜ್ಜ ಇನ್ನೂ ತುತ್ತು ಮುರಿದಿರಲಿಲ್ಲ.

ದ್ಯಾಮಣ್ಣ ಹೊಸ್ತಿಲಲ್ಲೇ ಕೂತ. “ಅಜ್ಜಾರ, ಹುಣ್ಣಿವಿ ದಿನ ಹಕ್ಕಿ ಬಂದಿರಲಿಲ್ಲರಿ. ಇವತ್ತು ಬಂತು.”

ಅಜ್ಜ ಅವನತ್ತ ಮುಖ ತಿರುಗಿಸಿದರು. ನೀಲವ್ವನ ಕೈಯ ಸೌಟು ಅಲ್ಲೇ ನಿಂತಿತು.

“ಎಮ್ಮಿ ಮ್ಯಾಲೆ ಕುಂತದ್ದು?”

“ಸುಳ್ಳರಿ.”

“ನೊಣ ಹಿಡದದ್ದು?”

“ಎಲ್ಲಾ ಸುಳ್ಳರಿ ಅಜ್ಜಾರ. ನೀವು ಉಣಲಿ ಅಂತ ಹೇಳಿದೆ.”

ಅಜ್ಜ ಎತ್ತಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವರಿಗೆ ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆದರೂ ಕೇಳಿದರು:

“ಇವತ್ತು ಬಂದದ್ದು ಹೆಂಗೈತಿ?”

“ಸೋತು ಹೋಗೇತ್ರಿ. ಬಣ್ಣ ಮಾಸೇತಿ. ಬಾಲದಾಗ ಗರಿ ಉದುರ್‍ಯಾವ. ನಾ ಹತ್ರ ಹೋದ್ರೂ ಏಳಲಿಲ್ಲ. ಒಂದು ಸಲ ಬಾಲ ಆಡಿಸ್ತು. ಒಂದ ಸಲ.”

ಅಜ್ಜನ ಮಂಜುಗಣ್ಣಿನಲ್ಲಿ ನೀರು ತುಂಬಿತು. ಎರಡೂ ಕೈ ಎತ್ತಿ ಹಣೆಗೆ ಹಚ್ಚಿದರು. “ಬಂದ್ಯಾ, ನನ್ನಪ್ಪಾ. ಉಪಕಾರ ಆತು.”

ಆಮೇಲೆ ಮುಂದಿದ್ದ ತಾಟನ್ನು ಮೆಲ್ಲಗೆ ಆಚೆ ಸರಿಸಿದರು. “ಹಂಗಾದ್ರ ಎಂಟು ದಿನ ನಾನು ಬೀಗರಿಗಿಂತ ಮೊದಲ ಉಂಡೀನಿ.”

ದ್ಯಾಮಣ್ಣ ಹೆದರಿದ್ದು ಇದಕ್ಕೇ. “ಅಜ್ಜಾರ, ತಪ್ಪು ನಂದು. ನಿಮ್ಮ ಪಾದ ಹಿಡೀತೀನಿ, ಊಟ ಬಿಡಬ್ಯಾಡ್ರಿ.”

ನೀಲವ್ವನಿಗೆ ಆಗ ಹೊಳೆಯಿತು. ಸೌಟನ್ನು ಪಾತ್ರೆಯಲ್ಲಿ ಕುಕ್ಕಿದಳು. “ಹೊಟ್ಟಿ ಸರಿ ಇಲ್ಲಂತ ಹೇಳಿದ್ದು ಇದಕ್ಕೇನೋ ಯಣ್ಣಾ? ಅಜ್ಜಾರ, ಈ ಮನಷ್ಯಾ ಎಂಟು ದಿನ ಸಂಜಿಮುಂದ ಒಂದು ತುತ್ತು ಮುಟ್ಟಿಲ್ಲರಿ. ಇವನ ಪಾಲಿನ ರೊಟ್ಟಿ ದಿನಾ ಮುಂಜಾನೆ ಆಕಳಿಗೆ ಹಾಕೀನಿ.”

“ಹೌದೇನು?” ಅಂದರು ಅಜ್ಜ.

ದ್ಯಾಮಣ್ಣ ತಲೆ ತಗ್ಗಿಸಿದ. ಅಜ್ಜನಿಗೆ ಅದು ಕಾಣದು ಎಂದು ನೆನಪಾಗಿ, “ಹೌದ್ರಿ,” ಅಂದ. “ಯಾರಾದ್ರೂ ಕಾಯಬೇಕಲ್ರಿ.”

ಅಷ್ಟರಲ್ಲಿ ತಾಟಿನಲ್ಲಿದ್ದ ರೊಟ್ಟಿ ಆರಿತ್ತು.

“ಪುಸ್ತಕ ತಾ,” ಅಂದರು ಅಜ್ಜ.

ತಂದ.

“ಹುಣ್ಣಿವಿದು ಏನ್ ಬರದಿ, ಓದು.”

“ಭಾದ್ರಪದ ಶುದ್ಧ ಹುಣ್ಣಿಮೆ. ಕುಂಡೆಕುಸ್ಕ ಒಂದು. ಕಂಡವರು ದ್ಯಾಮಣ್ಣ.”

“ಆಮ್ಯಾಲೆ?”

“ಇಷ್ಟರಿ. ಮುಂದಿಂದು ಬರಿಯಾಕ ಕೈ ಬರಲಿಲ್ಲ.”

“ಮೊದಲು ಇವತ್ತಿಂದು ಬರಿ. ಪೂರಾ ಬರಿ.”

ದ್ಯಾಮಣ್ಣ ಬರೆದ. ಭಾದ್ರಪದ ಬಹುಳ ಅಷ್ಟಮಿ. ಕುಂಡೆಕುಸ್ಕ ಒಂದು. ಕಂಡವರು ದ್ಯಾಮಣ್ಣ. ಉಪಕಾರ.

“ಹಿಂದಿಂದು ಹೊಡದು ಹಾಕ್ಲ್ಯಾ ಅಜ್ಜಾರ?”

“ಹಕ್ಕಿ ಹೆಸರು ಹೊಡಿ. ಕಂಡವರು ಅನ್ನೋದನ್ನೂ ಹೊಡಿ. ನಿನ್ನ ಹೆಸರು ಇರಲಿ.”

ಹೊಡೆದ. ತಿಥಿ ಉಳಿಯಿತು, ಅವನ ಹೆಸರು ಉಳಿಯಿತು.

“ಈಗ ಕೊನಿಗೆ ಬರಿ. ಉಪಕಾರ.”

ದ್ಯಾಮಣ್ಣನಿಗೆ ತಿಳಿಯಲಿಲ್ಲ. “ಅವತ್ತು ಯಾರೂ ಬಂದಿರಲಿಲ್ಲಲ್ರಿ. ಯಾರಿಗೆ ಉಪಕಾರ?”

ಅಜ್ಜ ಕೈಯಾಡಿಸಿ ತಾಟನ್ನು ಹುಡುಕಿ, ಹೊಸ್ತಿಲಿನ ಕಡೆಗೆ ದೂಡಿದರು.

“ನೀಲವ್ವಾ, ನನಗ ಇನ್ನೊಂದು ತಾಟು ತಾ. ಮೊದಲು ಇವಗ ಬಿಸೀದು ಬಡಸು, ಬಾಳ ದೂರದಿಂದ ಹಸಕೊಂಡು ಬಂದಾನ.”