ಎತ್ತರದಿಂದ ಅಳೆದ ಆಳ

ಹೆಲಿಕಾಪ್ಟರಿನ ಅಡಿಯಲ್ಲಿ ಹಗ್ಗದಲ್ಲಿ ನೇತಾಡುವ ಅಳತೆಯ ಕೊಳವೆಯೊಂದು ಅಳಿವೆ ಬಾಯಿಯ ಆಳವಿಲ್ಲದ ನೀರಿನ ಮೇಲೆ ಹಾರುತ್ತಿತ್ತು. ವಿದ್ಯುತ್ಕಾಂತೀಯ ಅಲೆಗಳನ್ನು ಕೆಳಗೆ ಕಳಿಸಿ, ಕಡಲತಳ ಎಷ್ಟು ದೂರವೆಂದು ತಿಳಿದು, ಅದರಲ್ಲಿ ತಾನು ನೀರಿನಿಂದ ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನು ಕಳೆದರೆ ಉಳಿದದ್ದು ನೀರಿನ ಆಳ. ಅದರ ವಿದ್ಯೆ ಇಷ್ಟೇ; ಜಂಭ ಮಾತ್ರ ಯಾವ ಅಳತೆಗೂ ಸಿಗುವಂಥದ್ದಲ್ಲ.

ಕಡಲಹಕ್ಕಿಗಳ ಹಿಂಡು ಎದುರಾಯಿತೆಂದು ಪೈಲಟ್ ಮೂರು ಮೀಟರ್ ಮೇಲೇರಿದ.

“ಎಲೈ ಮರಳದಿಣ್ಣೆ, ಅಲುಗಾಡದೆ ಬಿದ್ದಿರು. ನಿನ್ನ ಮೇಲಿನ ನೀರನ್ನು ಅಳೆಯುತ್ತಿದ್ದೇನೆ,” ಎಂದಿತು ಕೊಳವೆ.

“ಅಳೆಯುವಿಯಂತೆ. ಮೊದಲು ನೀನೀಗ ಎಷ್ಟು ಎತ್ತರದಲ್ಲಿದ್ದೀಯೆ, ಹೇಳು,” ಎಂದಿತು ನೀರಿನಡಿಯ ದಿಣ್ಣೆ.

“ಬೆಳಿಗ್ಗೆ ಮೂವತ್ತು ಮೀಟರ್ ಇದ್ದೆ, ಈಗಲೂ ಅಷ್ಟೇ. ಅಳೆಯಬೇಕಾದದ್ದು ನಿನ್ನನ್ನು, ನನ್ನನ್ನಲ್ಲ!”

ಹೀಗೆ ಗದರಿ, ಮೂರು ಮೀಟರ್ ನೀರನ್ನು ಆರು ಮೀಟರ್ ಎಂದು ಸಾರಿಬಿಟ್ಟಿತು. ಆ ಮಾತನ್ನು ನಂಬಿ ಬಂದ ಸಿಮೆಂಟು ಹೊತ್ತ ಹಡಗು ದಿಣ್ಣೆಯ ಮೇಲೆ ಏರಿ ಕೂತಿತು, ಮತ್ತೆ ಏಳಲಿಲ್ಲ.

ಕೊಳವೆ ಹಾರಿಬಂದು ಕೂಗಾಡಿತು: “ದ್ರೋಹಿ! ನಾನು ಆಚೆ ಹೋದದ್ದೇ ತಡ, ನೀನು ಎದ್ದು ನಿಂತೆ!”

“ನಾನು ಬಿದ್ದಲ್ಲೇ ಬಿದ್ದಿದ್ದೇನೆ, ಮಹಾಶಯ,” ದಿಣ್ಣೆ ನಕ್ಕಿತು. “ಮೇಲೇರಿದವನು ನೀನು. ಏರಿದಷ್ಟನ್ನೂ ನನ್ನ ಆಳಕ್ಕೆ ಸೇರಿಸಿದವನೂ ನೀನೇ. ಈಗ ನಿನ್ನ ಆ ಮೂರು ಮೀಟರ್ ಗಾಳಿಯಲ್ಲಿ ಈ ಹಡಗನ್ನು ತೇಲಿಸು, ನೋಡೋಣ.”