ರೆಕಾರ್ಡಿಂಗ್ ಕೋಣೆಯಲ್ಲಿ ಹಾಜರಿ

ಜುಲೈ ಮೂರು, ಬುಧವಾರ. ಬೆಳಗಿನಿಂದ ಮೋಡ, ಮಳೆಯಿಲ್ಲ. ಅರ್ಥಶಾಸ್ತ್ರದ ಪ್ರೊಫೆಸರ್ ತ್ರಿಯಂಬಕಯ್ಯನವರು ತಮ್ಮ ಮೊದಲ ಆನ್‌ಲೈನ್ ಪಾಠ ರೆಕಾರ್ಡ್ ಮಾಡಿಸಲು ಬಂದರು. ಕ್ಯಾಮೆರಾ ಮುಂದೆ ಕೂತವರೇ ಹಾಜರಿ ಕರೆದರು. ಒಂದೊಂದು ಹೆಸರಿಗೂ ಕಾದರು. ಅದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಪಾಠ.

ರೆಕಾರ್ಡ್ ಮಾಡಿದ ಗುತ್ತಿಗೆ ಸಹಾಯಕ ಮೆಲ್ಲಗೆ ಹೇಳಿದ: "ಸರ್, ಹುಡುಗರು ಇದನ್ನ ಆಮೇಲೆ ನೋಡೋದು. ಹಾಜರಿ ಕತ್ತರಿಸಿಬಿಡ್ಲಾ?"

"ಹಾಜರಿ ಇಲ್ಲದ ಪಾಠ ಒಂದು ಪಾಠವೇನಯ್ಯ? ಅದನ್ನ ಕತ್ತರಿಸಿದರೆ ನಿನ್ನ ಗುತ್ತಿಗೆಗೂ ಕತ್ತರಿ!"

"ಆಗಲಿ ಸರ್." ಅವನು ರೆಕಾರ್ಡಿಂಗನ್ನು ಅವರಿಗೇ ಹಾಕಿ ತೋರಿಸಿದ. ಹೆಸರು, ಮೌನ. ಹೆಸರು, ಮೌನ.

"ಸರ್, ಕ್ಲಾಸಿಗೆ ಒಬ್ಬರೂ ಬರದಿದ್ದರೆ ಏನು ಮಾಡ್ತೀರಿ?"

"ಪಾಠ ಮಾಡಲ್ಲ. ಎದ್ದು ಹೋಗ್ತೀನಿ."

"ಇಲ್ಲೂ ಒಬ್ಬರೂ ಓಗೊಟ್ಟಿಲ್ಲ. ಹಾಗಾದರೆ ಹಾಜರಿ ಇಟ್ಟುಕೊಂಡು ಪಾಠ ಕತ್ತರಿಸ್ಲಾ ಸರ್?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮತ್ತೆ ಯಾರು ಕೇಳ್ತಿದಾರೆ ಅಂತ ತಿಳಿಯೋದು ಹೇಗಯ್ಯ?"

"ನಡುನಡುವೆ ಒಂದು ಪ್ರಶ್ನೆ ಕೇಳಿ ಸರ್. ಉತ್ತರ ಬರೆದವರೆಲ್ಲ ಹಾಜರು."

ಮೊದಲ ವಾರವೇ ಉತ್ತರಗಳು ಬಂದವು, ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದಿದ್ದವರಿಂದಲೂ. ಸಹಾಯಕನಿಗೆ ಏನು ಸಂದಿತು ಅಂತೀರಾ? ಮೇಷ್ಟ್ರೇ ಶಿಫಾರಸು ಮಾಡಿದ ಇನ್ನೊಂದು ವರ್ಷದ ಗುತ್ತಿಗೆ, ಜೊತೆಗೆ ಕ್ಯಾಂಟೀನಿನಲ್ಲಿ ಒಂದು ಮಸಾಲೆ ದೋಸೆ.